ಬರೀ ನೀರಿನ ಆರು ಪಾತಿ

ನಮ್ಮ ಮೇಡಂಗೆ ಹಾಸ್ಯಪ್ರಜ್ಞೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಹೋದ ವಾರ ಅವರು ತೀರಿಕೊಂಡಾಗಿನಿಂದ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೊಗಳುತ್ತಿರುವುದು ಅದನ್ನೇ. ವಿಭಾಗದ ಈಗಿನ ಮುಖ್ಯಸ್ಥರು ಓದುವಾಗ ನನಗಿಂತ ಮೂರು ವರ್ಷ ಹಿಂದಿದ್ದವರು. ಅವರು ಫೋನ್ ಮಾಡಿ, ಮೇಡಂ ನೆನಪಿಗೆ ಒಂದು ಚಿಕ್ಕ ಪುಸ್ತಕ ತರುತ್ತಿದ್ದೇವೆ, ನಾಲ್ಕು ಪುಟ ಬರೆದುಕೊಡಿ ಎಂದರು.

"ಆ ಕಲಗಚ್ಚಿನ ಜೋಕ್ ನೀವೇ ಬರೀಬೇಕು ಸರ್. ನಿಮ್ಮ ವೈವಾದಲ್ಲೇ ಅಲ್ವಾ ಆಗಿದ್ದು? ನಾವೆಲ್ಲ ಬರೀ ಕೇಳಿರೋರು."

"ಅದು ಜೋಕ್ ಅಲ್ಲ."

"ಅದೇ ಸರ್, ಜೋಕ್ ಅಂತ ಗೊತ್ತೇ ಆಗ್ಬಾರ್ದು, ಹಾಗೆ ಹೇಳ್ತಿದ್ರಂತೆ!"

ಮೇಡಂ ಹೇಗೆ ಹೇಳುತ್ತಿದ್ದರು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಸಹಪಾಠಿ ಮಂಜು ಒಮ್ಮೆ ಕ್ಲಾಸಿನಲ್ಲಿ ಎರೆಹುಳುಗಳ ಮದುವೆಯ ಬಗ್ಗೆ ಒಂದು ತಮಾಷೆ ಹೇಳಿದ. ಉಳಿದ ನಾವು ನಾಲ್ವರೂ ಬೆಂಚು ಗುದ್ದಿಕೊಂಡು ನಕ್ಕೆವು. ಮೇಡಂ ಸೀಮೆಸುಣ್ಣ ಹಿಡಿದುಕೊಂಡು ಕಾದರು.

"ಆಮೇಲೆ?"

"ಅಷ್ಟೇ ಮೇಡಂ."

"ಗಂಡು ಹೆಣ್ಣು ಅಂತ ಬೇರೆ ಬೇರೆ ಇರಲ್ವಲ್ಲಪ್ಪ ಅದರಲ್ಲಿ," ಎಂದು ಬೋರ್ಡಿನ ಕಡೆ ತಿರುಗಿದರು.

ಕೋರ್ಸಿನ ಹೆಸರು ಸುಸ್ಥಿರ ಕೃಷಿ ಮತ್ತು ಪರಿಸರ. ಎರಡು ವರ್ಷದ ಸ್ನಾತಕೋತ್ತರ ಪದವಿ. ಬಸವನಗುಡಿಯ ಒಂದು ಖಾಸಗಿ ಕಾಲೇಜಿನ ಎರಡನೇ ಮಹಡಿಯಲ್ಲಿ, ಸಂಜೆ ಐದೂವರೆಗೆ ಕ್ಲಾಸು. ಕಾಲೇಜಿಗೆ ಕೃಷಿ ಕಲಿಸುವ ಉತ್ಸಾಹವಿತ್ತು, ನೆಲ ಇರಲಿಲ್ಲ. ಕಿಟಕಿಯಿಂದ ಪಕ್ಕದ ಅಪಾರ್ಟ್‌ಮೆಂಟಿನ ಮೂರು ಕಪ್ಪು ನೀರಿನ ಟ್ಯಾಂಕುಗಳೂ ಒಂದು ಕುಂಡದ ತುಳಸಿಯೂ ಕಾಣುತ್ತಿದ್ದವು. ಹಸಿರು ಎಂದು ತೋರಿಸಬಹುದಾದದ್ದು ಅಷ್ಟೇ.

ನಾನು ಅಲ್ಲಿಗೆ ಸೇರಿದ್ದರಲ್ಲೂ ಹೆಮ್ಮೆಪಡುವಂಥದ್ದೇನಿಲ್ಲ. ಮಾಗಡಿ ಕಡೆ ಇದ್ದ ನಮ್ಮ ರಾಗಿ ಹೊಲವನ್ನು ಅಪ್ಪ ಲೇಔಟ್ ಮಾಡಿ, ಸೈಟುಗಳಾಗಿ ಮಾರಿ, ಚಾಮರಾಜಪೇಟೆಯಲ್ಲಿ ಮನೆ ಕಟ್ಟಿಸಿದ್ದರು. ಆ ಮನೆಯ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತು ನಾನು ಮಣ್ಣಿನ ಸವಕಳಿಯ ಬಗ್ಗೆ ಚಿಂತೆ ಮಾಡುತ್ತಿದ್ದೆ. "ಇದ್ದ ಹೊಲದಲ್ಲಿ ಒಂದಿನ ಕಳೆ ಕೀಳ್ಲಿಲ್ಲ, ಈಗ ಫೀಸ್ ಕಟ್ಟಿ ಕಲೀತಾವ್ನೆ" ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸುತ್ತಿದ್ದರು. ಅಪ್ಪನಿಗೆ ಹಾಸ್ಯಪ್ರಜ್ಞೆ ಇತ್ತು.

ಮೇಡಂ ಸರ್ಕಾರಿ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿ, ನಮಗೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದರು. ಸಣ್ಣ ಆಳು. ನೂಲಿನ ಸೀರೆ, ಎಣ್ಣೆ ಹಾಕಿ ಬಿಗಿದ ಗಂಟು. ನನ್ನ ನೆನಪಿನಲ್ಲಿ ಅವರ ಕೈಯಲ್ಲಿ ಯಾವಾಗಲೂ ಒಂದು ಕೊಡೆ ಇದೆ. ಆದರೆ ಎಲ್ಲ ಮೇಷ್ಟ್ರುಗಳ ಕೈಯಲ್ಲೂ ನಾನು ಕೊಡೆ ಇಡುತ್ತೇನೆ ಎಂದು ಈಚೆಗೆ ಅನುಮಾನ ಬಂದಿದೆ. ಕೊಡೆಯನ್ನು ನಂಬಬೇಡಿ.

ನಂಬಬಹುದಾದದ್ದು ಅವರ ಒಂದು ಪ್ರಶ್ನೆ: "ಯಾರು ನೋಡಿದ್ದು?" ಬೇವಿನ ಹಿಂಡಿ ಹಾಕಿದರೆ ಬೇರಿಗೆ ಹುಳ ಬರುವುದಿಲ್ಲ ಎಂದರೆ, "ಯಾರು ನೋಡಿದ್ದು?" ಪುಸ್ತಕದಲ್ಲಿದೆ ಎಂದರೆ, "ಪುಸ್ತಕ ಬರೆದೋರು ನೋಡಿದ್ರಾ, ಇನ್ನೊಂದು ಪುಸ್ತಕದಲ್ಲಿ ನೋಡಿದ್ರಾ?" ಎಂಟು ಗಂಟೆಯ ಬಸ್ಸು ಬಂದುಹೋಯಿತು ಎಂದರೂ ಅದೇ. ನಾವು ಬರೆದ ಪ್ರಬಂಧಗಳಲ್ಲಿ 'ಸುಸ್ಥಿರ' ಎಂಬ ಪದ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಎಷ್ಟು ದಿನ?' ಎಂದು ಬರೆಯುತ್ತಿದ್ದರು. ನನ್ನ ಮೊದಲ ಪ್ರಬಂಧ ಹಿಂದಕ್ಕೆ ಬಂದಾಗ ಅದರಲ್ಲಿ ನನ್ನ ಅಕ್ಷರಕ್ಕಿಂತ 'ಎಷ್ಟು ದಿನ?'ಗಳೇ ಹೆಚ್ಚಿದ್ದ ಹಾಗೆ ನೆನಪು. ಇದು ಉತ್ಪ್ರೇಕ್ಷೆ ಇರಬೇಕು.

ಕ್ಷೇತ್ರ ಅಧ್ಯಯನಕ್ಕೆ ಬಸ್ಸು ಕೊಡಲಾಗುವುದಿಲ್ಲ ಎಂದು ಕಾಲೇಜು ಹೇಳಿದಾಗ ಅವರು ನಮ್ಮನ್ನು ಗಾಂಧಿ ಬಜಾರಿಗೆ ನಡೆಸಿಕೊಂಡು ಹೋದರು. ಪ್ರತಿ ತರಕಾರಿಯೂ ಯಾವ ಊರಿನಿಂದ, ಎಂಥ ಮಣ್ಣಿನಿಂದ ಬಂದಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಹೀರೆಕಾಯಿ ಮಾರುವ ಹೆಂಗಸು ನನ್ನ ನಾಲ್ಕು ಪ್ರಶ್ನೆ ಸಹಿಸಿಕೊಂಡು ಐದನೆಯದಕ್ಕೆ, "ತಗೊಳ್ತೀಯೋ, ಇಲ್ಲಾ ಅದರ ಜಾತಕ ಹಾಕಿಸ್ತೀಯೋ?" ಎಂದಳು. ಸುತ್ತಲಿದ್ದವರು ನಕ್ಕರು. ಮೇಡಂ ಮಾತ್ರ ಗಂಭೀರವಾಗಿ, "ಜಾತಕ ಬೇಡಮ್ಮ, ಊರು ಸಾಕು" ಎಂದರು.

ಆ ಬಜಾರಿನಲ್ಲೇ ನನ್ನ ಅಧ್ಯಯನದ ವಿಷಯ ಸಿಕ್ಕಿತು. ಸಂಜೆ ಮಾರದೆ ಉಳಿದ ಸೇವಂತಿಗೆ, ಚೆಂಡುಹೂವು ರಾಶಿ ರಾಶಿ ಬಿದ್ದಿರುತ್ತಿತ್ತು. ಅದನ್ನು ಕೊಳೆಸಿ ಗೊಬ್ಬರ ಮಾಡಿ, ಹರಿವೆ ಸೊಪ್ಪಿಗೆ ಹಾಕಿ, ಬೆಳವಣಿಗೆ ಅಳೆಯುವುದು. ನೆಲ ಎಲ್ಲಿ? ತ್ಯಾಗರಾಜನಗರದಲ್ಲಿದ್ದ ಮೇಡಂ ಮನೆಗೆ ಹಿತ್ತಲಿತ್ತು. ಅವರೇ ಕೊಟ್ಟರು, ಮಾರ್ಗದರ್ಶಕರೂ ಅವರೇ. ಹನ್ನೆರಡು ಪಾತಿ ಮಾಡಿದೆವು. ಆರಕ್ಕೆ ಹೂವಿನ ಗೊಬ್ಬರ, ಆರಕ್ಕೆ ಬರೀ ನೀರು. ಹೋಲಿಸಿ ನೋಡಲೆಂದು ಏನೂ ಕೊಡದೆ ಇಡುವ ಈ ಬರೀ ನೀರಿನ ಪಾತಿಗಳಿಗೆ ನಮ್ಮವರು ಕಂಟ್ರೋಲ್ ಎನ್ನುತ್ತಾರೆ. ಅವು ಸೊರಗಿದಷ್ಟೂ ಸಂಶೋಧಕನಿಗೆ ಒಳ್ಳೆಯದು. ಪಾತಿಗೊಂದು ಗುರುತಿನ ಚೀಟಿ ಬೇಕಿತ್ತು. ಮೇಡಂ ಸುಲ್ತಾನ್‌ಪೇಟೆಯ ಅಂಗಡಿಯಿಂದ ಅಚ್ಚು ತಪ್ಪಿದ ಲಗ್ನಪತ್ರಿಕೆಗಳ ಕಟ್ಟು ತಂದು ಕತ್ತರಿಸಿಕೊಟ್ಟರು. ದಪ್ಪ ಕಾಗದ, ಮಳೆಗೂ ಜಗ್ಗುವುದಿಲ್ಲ. ಹಾಗಾಗಿ ನನ್ನ ಏಳನೇ ಪಾತಿಯ ಚೀಟಿಯ ಬೆನ್ನಿನಲ್ಲಿ 'ಚಿ. ಸೌ.' ಎಂದಿತ್ತು. ಏಳನೆಯದು ಕಂಟ್ರೋಲ್.

ಮಂಜು ಅದೇ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ತನ್ನ ಅಧ್ಯಯನಕ್ಕೆ ಎರೆಹುಳು ಸಾಕಿದ್ದ. ಎರಡು ದಿನಕ್ಕೊಮ್ಮೆ ಇಬ್ಬರೂ ಹೋಗಿ ಅಳತೆ ತೆಗೆದುಕೊಳ್ಳುತ್ತಿದ್ದೆವು. ಉಳಿದ ದಿನ ನೀರು ಹಾಕುವ ಕೆಲಸ ಮೇಡಂ ವಹಿಸಿಕೊಂಡಿದ್ದರು. ಮೊದಲ ಎರಡು ವಾರ ಎಲ್ಲ ಸರಿಯಾಗಿತ್ತು. ಕಂಟ್ರೋಲ್ ಸಸಿಗಳು ಹಳದಿಯಾಗಿ, ನಾನು ಬಯಸಿದಷ್ಟೇ ದೀನವಾಗಿ ನಿಂತಿದ್ದವು. ಮೂರನೇ ವಾರ ಅವು ಚಿಗುರಿದವು. ಕಟಾವಿನ ಹೊತ್ತಿಗೆ ಹೂವಿನ ಗೊಬ್ಬರದ ಸೊಪ್ಪಿಗೂ ಬರೀ ನೀರಿನ ಸೊಪ್ಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಾಲ್ಕು ತಿಂಗಳು ಮೂಗು ಮುಚ್ಚಿಕೊಂಡು ಕೊಳೆಸಿದ ಹೂವು ದಂಡ.

ಇನ್ನು ಮುಂದಿನದು ನನ್ನ ನೆನಪಿನ ಪ್ರಕಾರ ಹೀಗಿದೆ. ಒಂದು ಬೆಳಿಗ್ಗೆ ನಾನು ಹೇಳದೆ ಕೇಳದೆ ಬೇಗ ಹೋಗುತ್ತೇನೆ. ಗೇಟು ತೆಗೆಯುವಾಗಲೇ ಮೇಡಂ ಕಾಣುತ್ತಾರೆ: ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕೈಯಲ್ಲಿ ಪಾತ್ರೆ, ಅಕ್ಕಿ ಬೇಳೆ ತೊಳೆದ ಬೆಳ್ಳನೆಯ ಕಲಗಚ್ಚನ್ನು ಕಂಟ್ರೋಲ್ ಪಾತಿಗೆ ಬಗ್ಗಿ ಸುರಿಯುತ್ತಿದ್ದಾರೆ. ನಾನು "ಮೇಡಂ!" ಎನ್ನುತ್ತೇನೆ. ಅವರು ಸಿಕ್ಕಿಬೀಳುತ್ತಾರೆ. ಇಷ್ಟು ವರ್ಷ ಇದನ್ನು ನಾನು ಚಿತ್ರ ನೋಡಿದ ಹಾಗೆ ನೋಡಿಕೊಂಡು ಬಂದಿದ್ದೇನೆ.

ಬರೆಯುವ ಮೊದಲು ಒಮ್ಮೆ ಕೇಳಿಬಿಡೋಣ ಎಂದು ಮಂಜುಗೆ ಫೋನ್ ಮಾಡಿದೆ.

"ಗೇಟಿಂದ ಹಿತ್ತಲು ಎಲ್ಲಿ ಕಾಣತ್ತೆ ಮಗಾ?" ಎಂದ. "ಮಧ್ಯ ಇಡೀ ಮನೆ ಇತ್ತು. ನೀನೇನೂ ಕಂಡುಹಿಡೀಲಿಲ್ಲ. ಅವರೇ ಹೇಳಿದ್ದು. ನಮ್ಮಿಬ್ರನ್ನೂ ಕೂರಿಸ್ಕೊಂಡು, ಕಾಫಿ ಕೊಟ್ಟು ಹೇಳಿದ್ರು."

ಅವನು ಹೇಳಿದ ಮೇಲೆ ಹಿತ್ತಲ ಬಾಗಿಲಿನ ಮೆಟ್ಟಿಲು, ಕಾಫಿ ಲೋಟ, ಎಲ್ಲ ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು. ಹೌದು, ನಾನು ಅಂಕಿಗಳ ಕೋಷ್ಟಕ ತೋರಿಸಿದ್ದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದು ಉಪಯೋಗಕ್ಕೆ ಬರಲ್ಲ ಕಣಪ್ಪ. ಆ ಆರಕ್ಕೆ ನಾನು ಕಲಗಚ್ಚು ಹಾಕಿದೀನಿ. ಮೂರನೇ ವಾರದಿಂದ, ದಿನಾ. ಕಾಫಿ ಚರಟಾನೂ ಹಾಕಿದೀನಿ."

ನನಗೆ ಅರ್ಥವಾಗಲಿಲ್ಲ. "ಮರೆತು ಹಾಕಿದ್ರಾ ಮೇಡಂ?"

"ಇಲ್ಲ. ಗೊತ್ತಿದ್ದೇ ಹಾಕಿದ್ದು. ಸ್ವಲ್ಪ ಹಾಕಿದ್ರೆ ಲೆಕ್ಕಕ್ಕೆ ಸಿಗಲ್ಲ ಅಂದ್ಕೊಂಡೆ." ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತ ಹೇಳಿದರು, "ಮೂವತ್ತು ವರ್ಷ ಚೀಲದಲ್ಲಿ ಬಂದ ಮಣ್ಣು ನೋಡಿದ್ದೇ. ಒಣಗಿಸು, ಜರಡಿ ಹಿಡಿ, ಚೀಟಿ ಬರಿ. ಅದರಲ್ಲಿ ಗಿಡ ಇರ್ತಿರ್ಲಿಲ್ಲ. ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದ್ರೆ ಹನ್ನೆರಡೂ ಒಂದೇ ಸಾಲಲ್ಲಿ ಕೂತಿರತ್ವೆ. ಆರಕ್ಕೆ ಬಡಿಸಿದೀವಿ, ಆರಕ್ಕೆ ಬರೀ ನೀರು. ಪಂಕ್ತಿಭೇದ ಮಾಡಿದ ಹಾಗೆ. ಕೈ ಬರ್ಲಿಲ್ಲ."

ನನಗೆ ಸಿಟ್ಟು ಬಂತು. ವಿಜ್ಞಾನ ಕೆಟ್ಟಿತೆಂದು ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ.

"ಗಿಡಕ್ಕೆ ಪಂಕ್ತಿಭೇದ ಆಗತ್ತಾ ಮೇಡಂ? ನಮ್ಮೂರ ಸಮಾರಾಧನೇಲಿ ನಮ್ ತಾತ ಎಲ್ಲಿ ಕೂರ್ತಿದ್ರು ಗೊತ್ತಾ? ಹೊರಗೆ, ಬೀದೀಲಿ. ಒಳಗಿನವರದ್ದು ಮುಗಿದ ಮೇಲೆ."

ಮಂಜು ನನ್ನ ಕಾಲು ತುಳಿದ. ಮೇಡಂಗೆ ಕೋಪ ಬರಲಿಲ್ಲ.

"ಗೊತ್ತು," ಎಂದರು. "ನಮ್ಮೂರಲ್ಲೂ ಹಾಗೇ. ನಾನು ಏಳೆಂಟು ವರ್ಷದವಳು. ಹೊರಗಿನ ಸಾಲಿಗೆ ಹೋಗಿ ಪಾಯಸ ಮುಗೀತು ಅಂತ ಹೇಳೋ ಕೆಲಸ ನಂದು. ಮಗು ಹೇಳಿದ್ರೆ ಯಾರೂ ಜಗಳ ಆಡಲ್ಲ ಅಂತ. ಮುಗಿದಿರ್ತಿರ್ಲಿಲ್ಲ."

ನಾನು ಕೋಷ್ಟಕವನ್ನು ನಾಲ್ಕಾಗಿ ಮಡಿಸಿದೆ.

ಆಮೇಲೆ ನಡೆದದ್ದು ಚೌಕಾಸಿ. ಇನ್ನೊಂದು ಸಲ ಬಿತ್ತು, ನಾನು ಹಿತ್ತಲಿಗೆ ಕಾಲಿಡಲ್ಲ, ಕೀಲಿಕೈ ನೀನೇ ಇಟ್ಕೋ ಎಂದರು. ನನಗೆ ಆಗಲೇ ಕೆಲಸ ಸಿಕ್ಕಿತ್ತು, ಸಾವಯವ ಬೆಳೆಗೆ ಪ್ರಮಾಣಪತ್ರ ಕೊಡುವ ಒಂದು ಸಂಸ್ಥೆಯಲ್ಲಿ. ಈ ವರ್ಷವೇ ಪದವಿ ಪಡೆದು ಸೇರಬೇಕು. ಇಲ್ಲದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ. ಮತ್ತೆ ಹೂವು ಕೊಳೆಸಿ, ಬಿತ್ತಿ, ಅಳೆಯುವಷ್ಟರಲ್ಲಿ ವರ್ಷ ಕಳೆಯುತ್ತದೆ. ತಪ್ಪು ಅವರದು, ವರ್ಷ ನನ್ನದು.

"ಹಾಗಾದ್ರೆ ನಿಜ ಬರಿ. ಕಲಗಚ್ಚು ಬಿದ್ದಿದೆ ಅಂತ ಬರೆದು ಸಲ್ಲಿಸು."

"ಬರೆದ್ರೆ ಪ್ರಬಂಧಾನೇ ಉಳಿಯಲ್ಲ ಮೇಡಂ."

"ಬರೀದೇ ಇದ್ರೆ ಉಳಿಯತ್ತಾ?"

ಒಂದು ವಾರ ಬಿಟ್ಟು ಸಹಿಗೆ ಹೋದೆ. ಅವರು ಕೊನೆಯ ಅಧ್ಯಾಯ ಓದಿದರು: 'ಹೂವಿನ ಗೊಬ್ಬರದಿಂದ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ.' ಕಲಗಚ್ಚಿನ ಸುದ್ದಿ ಎಲ್ಲೂ ಇರಲಿಲ್ಲ. "ನಾನು ಸಹಿ ಹಾಕ್ದೇ ಇದ್ರೆ ವೈವಾನೇ ನಡೆಯಲ್ಲ, ಅದಕ್ಕೆ ಹಾಕ್ತೀನಿ. ವೈವಾ ದಿನ ಎಲ್ಲರ ಎದುರಿಗೆ ಹೇಳ್ತೀನಿ. ಅಷ್ಟರಲ್ಲಿ ನೀನೇ ಹೇಳಿದ್ರೆ ಒಳ್ಳೇದು." ಇದನ್ನು ಬೆದರಿಕೆಯ ಧ್ವನಿಯಲ್ಲಿ ಹೇಳಲಿಲ್ಲ. ಬಸ್ಸಿನ ಸಮಯ ತಿಳಿಸುವ ಹಾಗೆ ಹೇಳಿದರು. ವೈವಾದವರೆಗಿನ ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಓದಿ ಓದಿ ಸೊರಗಿದಾನೆ ಎಂದು ಅಮ್ಮ ದೃಷ್ಟಿ ತೆಗೆದಳು.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಬಹಳ ಉಲ್ಲಾಸದ ಮನುಷ್ಯ. ನಾನು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಮುಗಿಸಿದೆ. "ನೋಡ್ರಿ," ಎಂದು ಅವರು ಎಲ್ಲರ ಕಡೆ ತಿರುಗಿದರು. "ನಾನು ಮಾಡಿದ್ದು ಕೆಲಸ ಮಾಡ್ಲಿಲ್ಲ ಅಂತ ಒಪ್ಪಿಕೊಳ್ಳೋಕೆ ಧೈರ್ಯ ಬೇಕು. ಈ ಪ್ರಾಮಾಣಿಕತೆ ಈಗ ಎಲ್ಲಿದೆ?"

ಆಗ ಮೇಡಂ ಎದ್ದು ನಿಂತರು.

"ಸರ್, ಒಂದು ವಿಷಯ. ಕಂಟ್ರೋಲ್ ಪಾತಿಗಳಿಗೆ ನಾನು ಮೂರನೇ ವಾರದಿಂದ ದಿನಾ ಕಲಗಚ್ಚು ಹಾಕಿದೀನಿ. ಗಿಡ ಬೆಳೆಯೋವಾಗ ಇವನಿಗೆ ಗೊತ್ತಿರ್ಲಿಲ್ಲ. ಈ ಫಲಿತಾಂಶ ತಗೋಬೇಡಿ."

ಪರೀಕ್ಷಕರು ತಲೆ ಎತ್ತಿದರು. ಆಮೇಲೆ ಇಡೀ ಕೊಠಡಿ ನಕ್ಕಿತು. ಪರೀಕ್ಷಕರು ಮೇಜು ತಟ್ಟಿದರು. "ಮೇಡಂ, ಹಾಗಾದ್ರೆ ಗೊಬ್ಬರ ಯಾಕೆ, ನಿಮ್ಮ ಕಲಗಚ್ಚನ್ನೇ ಬಾಟ್ಲಿಗೆ ತುಂಬಿ ಮಾರೋಣ!"

"ತಮಾಷೆ ಅಲ್ಲ ಸರ್," ಎಂದರು ಮೇಡಂ. ಅದಕ್ಕೆ ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಮೇಡಂ ನನ್ನ ಕಡೆ ನೋಡಿದರು. ಒಂದು ಮಾತು ಆಡಿದರೆ ಸಾಕಿತ್ತು. ನಾನು ಪರದೆಯ ಕಡೆ ತಿರುಗಿಕೊಂಡೆ. ಅವರು ಕೂತುಕೊಂಡರು.

ನನಗೆ ಮೊದಲ ದರ್ಜೆ ಬಂತು. ಮೇಡಂಗೆ ಎರಡು ಹೆಸರು ಬಂದವು. ವಿದ್ಯಾರ್ಥಿಗಳ ಬಾಯಲ್ಲಿ ಅವರು ಭಾರಿ ತಮಾಷೆಯ ಹೆಂಗಸಾದರು. ಆಫೀಸಿನಲ್ಲಿ, "ಪಾಪ, ವಯಸ್ಸಾಯ್ತು, ಏನೇನೋ ಮಾತಾಡ್ತಾರೆ" ಎಂದುಕೊಂಡರು. ಮುಂದಿನ ವರ್ಷ ಅವರಿಗೆ ಕ್ಲಾಸು ಕೊಡಲಿಲ್ಲ. ಹೇಳಿದ್ದು ನಿಜವಿರಬಹುದು ಎಂಬ ಮೂರನೆಯ ಸಾಧ್ಯತೆ ಸಂಶೋಧನಾ ವಿಭಾಗದಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಅವರನ್ನು ನಾನು ನೋಡಿದ್ದು ಒಂದೇ ಸಲ, ಗಾಂಧಿ ಬಜಾರಿನ ಬಸ್ ಸ್ಟಾಪಿನಲ್ಲಿ. ತಪ್ಪಿಸಿಕೊಂಡು ಹೋಗುವಷ್ಟರಲ್ಲಿ ಕರೆದರು.

"ಏನು ಕೆಲಸ ನಿಂದು ಈಗ?"

"ರೈತರು ರಾಸಾಯನಿಕ ಹಾಕಿಲ್ಲ ಅಂತ ನೋಡಿ ಸರ್ಟಿಫಿಕೇಟ್ ಕೊಡೋದು ಮೇಡಂ."

"ಹೊಲಕ್ಕೇ ಹೋಗಿ ನೋಡ್ತೀಯಾ?"

"ಹೋಗ್ತೀನಿ."

"ಬೆಳಿಗ್ಗೆ ಹೋಗು. ಅಡಿಗೆ ಮನೇಲಿ ಅಕ್ಕಿ ತೊಳೆಯೋ ಹೊತ್ತಿಗೆ."

ಬೇರೆ ಯಾರಾದರೂ ಹೇಳಿದ್ದರೆ ಅದು ಚುಚ್ಚುಮಾತು. ಅವರು ಹೇಳಿದ್ದು ಸಲಹೆ. ಒಳ್ಳೆಯ ಸಲಹೆ, ಈಗಲೂ ನಾನು ಬೆಳಿಗ್ಗೆಯೇ ಹೋಗುತ್ತೇನೆ. ಸುಳ್ಳು ಹೇಳುವ ರೈತರನ್ನು ಹಿಡಿಯುವುದರಲ್ಲಿ ನನಗೆ ಸಂಸ್ಥೆಯಲ್ಲಿ ಒಳ್ಳೆಯ ಹೆಸರಿದೆ.

ಇಷ್ಟನ್ನು ಬರೆದು ಮುಗಿಸಿದವನು ಇದನ್ನು ಮಂಜುಗೆ ಫೋನಿನಲ್ಲಿ ಓದಿ ಹೇಳಿದೆ. ಗೇಟಿನ ವಿಷಯದಲ್ಲಿ ಒಮ್ಮೆ ಮುಖಭಂಗ ಆಗಿತ್ತಲ್ಲ. ಅವನು ವೈವಾದ ಭಾಗದವರೆಗೂ ಹೂಂ ಹೂಂ ಎನ್ನುತ್ತಿದ್ದವನು ಅಲ್ಲಿ, ತಾಳು ಎಂದ.

"ಏನಾಯ್ತು? ತಪ್ಪಿದೆಯಾ?"

"ಆಮೇಲೆ ಎಲ್ಲರೂ ನಕ್ಕರು ಅಂತ ಬರೆದಿದೀಯ."

"ನಗಲಿಲ್ವಾ?"

"ನಕ್ಕರು. ಆದ್ರೆ ಮೊದ್ಲು ನಕ್ಕಿದ್ದು ನೀನು ಗುರು. ಆ ಎಕ್ಸಾಮಿನರ್ ಮುಖ ಗಂಟಿಕ್ಕಿದ್ರು, ಬಾಯಿ ತೆಗೆದಿದ್ರು ಏನೋ ಕೇಳೋಕೆ. ನೀನು 'ಅಯ್ಯೋ ಮೇಡಂ' ಅಂತ ನಕ್ಕೆ. ಅದನ್ನ ನೋಡಿ ಅವ್ರು ನಕ್ಕಿದ್ದು. ಅವ್ರು ನಕ್ಕ ಮೇಲೆ ಎಲ್ಲಾರೂ."

"ನಿಂಗೆ ಗಟ್ಟಿ ನೆನಪಿದೆಯಾ?"

"ನಾನೂ ನಕ್ಕೆನಲ್ಲೋ," ಎಂದ ಮಂಜು. "ನಂಗೂ ಗೊತ್ತಿತ್ತು. ಮರೆಯೋಕಾಗತ್ತಾ?"

ಫೋನ್ ಇಟ್ಟ ಮೇಲೆ ಆ ನಗುವನ್ನು ನೆನಪಿನಲ್ಲಿ ಹುಡುಕಿದೆ. ಸಿಗಲಿಲ್ಲ. ಪರದೆ, ಅದರ ಮೇಲಿನ ಹಸಿರು ಗೆರೆಗಳು, ಮೇಡಂ ಕೂತುಕೊಂಡ ರೀತಿ, ಎಲ್ಲ ಇದೆ. ನನ್ನ ನಗು ಇರಬೇಕಾದ ಜಾಗವನ್ನು ಯಾರೋ ಶುದ್ಧವಾಗಿ ತೊಳೆದಿಟ್ಟಿದ್ದಾರೆ. ಇನ್ನೊಬ್ಬರ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ ನಾನು. ಇದನ್ನು ಒಪ್ಪುತ್ತೇನೆ, ಯಾಕೆಂದರೆ ಇದನ್ನು ಕಟ್ಟಿ ಹೇಳುವುದರಿಂದ ಮಂಜುಗೆ ಯಾವ ಲಾಭವೂ ಇಲ್ಲ, ಮರೆತದ್ದರಿಂದ ನನಗೆ ಎಲ್ಲ ಲಾಭವೂ ಆಗಿದೆ.

ಮುಖ್ಯಸ್ಥರಿಗೆ ಫೋನ್ ಮಾಡಿ, ಲೈಬ್ರರಿಯಲ್ಲಿರುವ ನನ್ನ ಪ್ರಬಂಧಕ್ಕೆ ಒಂದು ತಿದ್ದುಪಡಿ ಹಾಳೆ ಅಂಟಿಸಬೇಕು ಎಂದು ಕೇಳಿದೆ.

"ಅದಕ್ಕೆ ಮಾರ್ಗದರ್ಶಕರ ಸಹಿ ಬೇಕು ಸರ್," ಎಂದರು. ತಾವು ಹೇಳಿದ್ದು ತಮಗೇ ಕೇಳಿಸಿ ಸ್ವಲ್ಪ ತಡೆದರು. "ಬಿಡಿ ಸರ್, ಯಾರು ತೆಗೆದು ನೋಡ್ತಾರೆ? ಜೋಕ್ ಆಗೇ ಇರ್ಲಿ. ಮೇಡಂಗೂ ಒಳ್ಳೆ ಹೆಸರು, ನಿಮಗೂ ತೊಂದರೆ ಇಲ್ಲ."

ಆದ್ದರಿಂದ ತಿದ್ದುಪಡಿಯನ್ನು ಇಲ್ಲೇ ಹಾಕುತ್ತಿದ್ದೇನೆ. ನನ್ನ ಹೆಸರಿನಲ್ಲಿರುವ ಆ ಪ್ರಬಂಧದ ತೀರ್ಮಾನ ತಪ್ಪು. ಹೂವಿನ ಗೊಬ್ಬರ ಸೊಪ್ಪಿಗೆ ಒಳ್ಳೆಯದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಟ್ರೋಲ್ ಪಾತಿಗಳಿಗೆ ಮೂರನೇ ವಾರದಿಂದ ಕಟಾವಿನವರೆಗೆ ದಿನವೂ ಕಲಗಚ್ಚು ಬಿದ್ದಿದೆ. ಹಾಕಿದವರು ಅದನ್ನು ಪರೀಕ್ಷಕರ ಎದುರು ಎದ್ದು ನಿಂತು, ಎರಡು ಸಲ ಹೇಳಿದರು. ಅವರು ಹೇಳುತ್ತಿರುವುದು ನಿಜವೆಂದು ಆ ಕೊಠಡಿಯಲ್ಲಿ ಇಬ್ಬರಿಗೆ ಗೊತ್ತಿತ್ತು. ಇಬ್ಬರೂ ನಕ್ಕರು. ಮೊದಲು ನಕ್ಕವನು ನಾನು.